ಹಂಚಿನ ಮಂಜಿಯ ಬಾಯಿ ಮುಚ್ಚಿದ ಮಹಾಸಮರ

ಎಲೈ ಪಡುವಣ ಕಡಲೇ, ರತ್ನಾಕರನೆಂದು ಪಂಡಿತರಿಂದಲೂ ಉಪ್ಪುನೀರೆಂದು ಪಾಮರರಿಂದಲೂ ಸಮಾನವಾಗಿ ಸ್ತುತನಾದ ಮಹಾನುಭಾವನೇ, ನಿನ್ನ ಭೋರ್ಗರೆತವನ್ನು ಒಂದು ಗಳಿಗೆ ತಗ್ಗಿಸಿ ಈ ಕಥೆಗೆ ದಾರಿ ಬಿಡು. ಎಂಜಿನೆಂಬ ಕೆಮ್ಮುವ ಯಂತ್ರವು ಇನ್ನೂ ಹಡಗುಗಳ ಹೊಟ್ಟೆ ಹೊಗದಿದ್ದ, ಗಾಳಿಯೇ ಗುರುವೂ ಹಾಯಿಯೇ ಗತಿಯೂ ಆಗಿದ್ದ ಆ ಪುಣ್ಯಯುಗದಲ್ಲಿ, ಕುಂದಾಪುರ ಸೀಮೆಯ ಹಂಚುಗಳು ಕಾಠಿಯಾವಾಡದ ಮನೆಗಳ ನೆತ್ತಿ ಕಾಯಲೆಂದು ಸಮುದ್ರಮಾರ್ಗವಾಗಿ ದಿಗ್ವಿಜಯ ಹೊರಡುತ್ತಿದ್ದ ಕಾಲದಲ್ಲಿ, ಗಂಗೊಳ್ಳಿ ಬಂದರಿನ ಧಕ್ಕೆಯ ಮೇಲೆ ನಡೆದ ಘೋರಸಂಗ್ರಾಮವೊಂದನ್ನು ಹೇಳಹೊರಟಿದ್ದೇನೆ. ಆನೆ, ಕುದುರೆ, ರಥ, ಪದಾತಿಗಳನ್ನು ಬಯಸುವವರು ಈಗಲೇ ಎದ್ದು ಹೋಗಬಹುದು. ಈ ಯುದ್ಧದಲ್ಲಿ ಇದ್ದದ್ದು ಹಲಗೆಗಳು.

ಸಾಗುವಾನಿಯ ಮೈ, ಮೂರಾಳು ತಬ್ಬಿದರೂ ಮುಗಿಯದ ಕೂವೆಮರ, ಗಾಳಿ ತುಂಬಿದರೆ ಆಕಾಶಕ್ಕೇ ಅಡ್ಡ ನಿಲ್ಲುವ ಹಾಯಿ, ಇಂತಿಪ್ಪ ವೈಭವದಿಂದ ಮೆರೆಯುತ್ತಿದ್ದ ಮಂಜಿಯೆಂಬ ಸರಕಿನ ಹಡಗೊಂದಿತ್ತು. ಸಮುದ್ರಲಕ್ಷ್ಮಿಯೆಂದು ಅದರ ನಾಮಧೇಯ. ಲೋಕದ ಸ್ತ್ರೀಯರಿಗೆ ಒಂದೇ ಬಾಯಾದರೆ ಈ ಲಕ್ಷ್ಮಿಗೆ ಎರಡು: ಮೂತಿಯ ಕಡೆಗೊಂದು, ಚುಕ್ಕಾಣಿಯ ಕಡೆಗೊಂದು. ಹಡಗಿನ ಮೇಲ್ಗಡೆಯ ಅಟ್ಟದಲ್ಲಿ ಚೌಕವಾಗಿ ತೆರೆದುಕೊಂಡ ಈ ಬಾಯಿಗಳ ಮೂಲಕವೇ ಸಾವಿರಾರು ಹಂಚುಗಳು ಅವಳ ಹೊಟ್ಟೆ ಸೇರುತ್ತಿದ್ದವು. ತುಂಬಿದ ಮೇಲೆ ಬಾಯಿಗೆ ಅಡ್ಡಡ್ಡವಾಗಿ ಹಲಗೆಗಳನ್ನು ಜೋಡಿಸಿ, ಮೇಲೆ ತಾಡಪಾಲು ಹೊದಿಸಿ, ಸುತ್ತಲೂ ಮರದ ಬೆಣೆ ಬಡಿದು ಬಿಗಿಮಾಡಬೇಕು. ಮುಂದಣ ಬಾಯಿಯ ಹಲಗೆಗಳಿಗೆ ಆಚಾರಿ ಒಂದು ಕಚ್ಚು ಕೊರೆದಿದ್ದನು, ಹಿಂದಣ ಬಾಯಿಯವಕ್ಕೆ ಎರಡು. ಅದರದು ಇದಕ್ಕೆ ಕೂರುವುದಿಲ್ಲ, ಇದರದು ಅದಕ್ಕೆ ಸೇರುವುದಿಲ್ಲ.

ಮುಚ್ಚಿದ ಬಾಯಿಯೇ ಖಲಾಸಿಗಳ ಮಂಚ. ಹಡಗಿನಲ್ಲಿ ಮನುಷ್ಯ ಕಾಲು ಚಾಚಬಹುದಾದ ಸಮತಟ್ಟಾದ ಜಾಗ ಬೇರೊಂದಿಲ್ಲ. ಹಿಂದಣ ಬಾಯಿಯ ಮೇಲೆ ಮಲಗಿದವನಿಗೆ ಹಾಯಿಯ ನೆರಳು, ಅಡುಗೆಯ ಒಲೆಯ ಬೆಚ್ಚನೆ ಕಾವು, ಚುಕ್ಕಾಣಿ ಹಿಡಿದ ತಾಂಡೇಲರ ಗುನುಗು. ಮುಂದಣ ಬಾಯಿಯ ಮೇಲೆ ಮಲಗಿದವನಿಗೆ ಅಲೆಯ ಅಭಿಷೇಕ. ಮಂಜಿಯ ಮೂತಿ ಒಮ್ಮೆ ಕೆಳಗಿಳಿದು ಮೇಲೆದ್ದರೆ ಸಾಕು, ಕೊಡದ ಲೆಕ್ಕದಲ್ಲಿ ನೀರು ಮೈಮೇಲೆ. ಆದ್ದರಿಂದ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು: ಎರಡು ತಂಡಗಳಲ್ಲಿ ಯಾವುದು ತನ್ನ ಪಾಲಿನ ಬಾಯಿಯನ್ನು ಮೊದಲು ಮುಚ್ಚಿ ಕಡೆಯ ಬೆಣೆ ಬಡಿಯುವುದೋ, ಆ ತಂಡಕ್ಕೆ ಆ ಯಾನವಿಡೀ ಹಿಂದಣ ಬಾಯಿಯ ಶಯನಾಧಿಕಾರ. ಸಾಮ್ರಾಜ್ಯಗಳಿಗಾಗಿ ಹೊಡೆದಾಡಿದವರನ್ನು ಕಂಡಿದ್ದೇವೆ. ಒಣ ಹಾಸಿಗೆಗಾಗಿ ಹೊಡೆದಾಡುವುದರಲ್ಲಿ ಹೆಚ್ಚು ಅರ್ಥವಿದೆಯೆಂದು ನನ್ನ ಸ್ವಂತ ಅಭಿಪ್ರಾಯ.

ಈಗ ವೀರರನ್ನು ಕರೆಯೋಣ. ಹಿಂದಣ ಬಾಯಿಯ ದಳಪತಿ ಮುತ್ತ: ವಿಶಾಲವಕ್ಷಸ್ಥಲನು, ವಿಶಾಲತರ ಉದರನು, ಕಂಬಳಿ ಹೊದ್ದರೆ ಅರ್ಧ ಮೈ ಹೊರಗೇ ಉಳಿಯುವ ಮಹಾಕಾಯನು, ಕಳೆದ ಮೂರು ಯಾನಗಳಲ್ಲಿಯೂ ಜಯಶಾಲಿಯಾಗಿ ಒಲೆಯ ಕಾವಿನಲ್ಲಿ ಗೊರಕೆ ಹೊಡೆದವನು. ಮುಂದಣ ಬಾಯಿಯ ದಳಪತಿ ನಮ್ಮ ಕಥಾನಾಯಕ ಪಂಜು: ಕೃಶಾಂಗನು, ತೀಕ್ಷ್ಣಮತಿಯೆಂದು ತನ್ನನ್ನು ತಾನೇ ಬಣ್ಣಿಸಿಕೊಳ್ಳುವವನು, ಲವಣೋದಕಸಿಕ್ತಸರ್ವಾಂಗನು, ಕಟಿಶೂಲಪೀಡಿತನು. ಪುರಾಣದ ವೀರರಿಗೆ ಸೊಂಟನೋವು ಇದ್ದಂತೆ ಎಲ್ಲಿಯೂ ಕಾಣೆ. ಇದ್ದಿದ್ದರೆ ಎಷ್ಟೋ ಯುದ್ಧಗಳು ನಡೆಯುತ್ತಲೇ ಇರಲಿಲ್ಲ.

ಆದರೆ ಪಂಜುವಿಗೆ ಯುದ್ಧ ಅನಿವಾರ್ಯವಾಗಿತ್ತು. ಮಂಜಿ ಧಕ್ಕೆಗೆ ತಾಗಿದ ಸಂಜೆಯೇ ಅವನು ಹಲಗೆ ಕಳಚುವ ಕೆಲಸವನ್ನು ತನ್ನ ತಂಡಕ್ಕೆ ಬಿಟ್ಟು, ಸೊಂಟ ಹಿಡಿದುಕೊಂಡು ಮನೆಗೆ ಹೋಗಿ ಬೋರಲು ಮಲಗಿದ್ದನು. ಅವನ ಹೆಂಡತಿ ಶೇಷಿ ಎಣ್ಣೆ ಕಾಯಿಸಿ ತಿಕ್ಕುತ್ತ, ತಿಕ್ಕಿದಷ್ಟೇ ಬಲವಾಗಿ ಮಾತನ್ನೂ ಆಡಿದ್ದಳು.

"ಇನ್ನೊಂದ್ ಸರ್ತಿ ಹೀಂಗೆ ಸೊಂಟ ಹಿಡ್ಕಂಡ್ ಬಂದ್ರೆ ಮತ್ತೆ ಮಂಜಿ ಹತ್ತೂಕೆ ನಾ ಬಿಡುದಿಲ್ಲೆ. ನಮ್ ಅಪ್ಪಯ್ಯನ ಒಟ್ಟಿಗೆ ಬಲಿ ಕಟ್ಟೂಕೆ ಕೂಕಣಿ."

ಸಾಗರವನ್ನು ಅಂಗಳದಂತೆ ದಾಟುವವನಿಗೆ ಮಾವನ ಜಗಲಿಯಲ್ಲಿ ಕುಳಿತು ಬಲೆಯ ಹರಕು ಹೊಲಿಯುವುದಕ್ಕಿಂತ ಘೋರವಾದ ನರಕ ಯಾವುದಿದೆ? ಮಾವ ಅಂತಯ್ಯ ಮರಕಾಲರು ಒಳ್ಳೆಯವರೇ. ಆದರೆ ಮಾತಿಗೊಮ್ಮೆ "ನಮ್ ಕಾಲ್ದಗೆ" ಎಂದು ತೊಡಗಿದರೆ ಊಟದ ಹೊತ್ತಿಗೂ ಆ ಕಾಲದಿಂದ ಹೊರಗೆ ಬರುವವರಲ್ಲ. ಪಂಜುವಿನ ಎದೆಯಲ್ಲಿ ಭಯ ಹುಟ್ಟಿತು. ಈ ಸಲ ಒಣಗಿದ ಸೊಂಟದೊಂದಿಗೆ ಮನೆಗೆ ಬರಬೇಕು, ಇಲ್ಲವಾದರೆ ಕಡಲಿನ ಋಣ ಹರಿಯಿತು.

ಆಗ ಆ ಮಹಾವೀರನು ಹಾಸಿಗೆಯ ಮೇಲೆ ಬೋರಲಾಗಿಯೇ ಭೀಷಣ ಪ್ರತಿಜ್ಞೆ ಮಾಡಿದನು: "ಕೇಳಿರಿ, ಅಷ್ಟದಿಕ್ಪಾಲಕರೇ. ಈ ಎಣ್ಣೆಯ ಬಟ್ಟಲಿನ ಸಾಕ್ಷಿಯಾಗಿ, ಆ ಗಜೋದರನಾದ ಮುತ್ತನನ್ನು ಹಿಂದಣ ಬಾಯಿಯ ಸುಖಾಸನದಿಂದ ಕೆಡಹಿ, ಅವನ ಗೊರಕೆಯ ಸ್ಥಾನದಲ್ಲಿ ನನ್ನ ಗೊರಕೆಯನ್ನು ಪ್ರತಿಷ್ಠಾಪಿಸದಿದ್ದರೆ ನಾನು ಕಡಲಮಗನೇ ಅಲ್ಲ." ಇದು ಅವನ ಮನಸ್ಸಿನ ಮಾತು. ಶೇಷಿಗೆ ಕೇಳಿಸಿದ್ದು ಇಷ್ಟೇ: "ಹ್ಞೂಂ, ಕಾಂಬ."

ನ್ಯಾಯಯುದ್ಧದಲ್ಲಿ ಮುತ್ತನನ್ನು ಗೆಲ್ಲುವುದು ಆಗದ ಮಾತೆಂದು ಪಂಜುವಿಗೆ ಗೊತ್ತಿತ್ತು. ಆದ್ದರಿಂದ ಮರುದಿನ ಕಾಗೆ ಕೂಗುವ ಹೊತ್ತಿಗೆ, ಇನ್ನೂ ಯಾರೂ ಏಳುವ ಮೊದಲು, ಅವನು ಧಕ್ಕೆಗೆ ಬಂದನು. ಅಲ್ಲಿ ಎರಡು ಬಾಯಿಗಳ ಹಲಗೆಗಳು ಎರಡು ರಾಶಿಯಾಗಿ ಬಿದ್ದಿದ್ದವು. ಅವನು ಮಂಜಿಯ ಹಿಂದಣ ಬಾಯಿಯ ಎದುರಿಗಿದ್ದ ರಾಶಿಯಿಂದ ಒಂದು ಹಲಗೆಯನ್ನು ಎತ್ತಿ ಹೆಗಲಿಗೇರಿಸಿದನು. ಶತ್ರುವಿನ ಒಂದು ಹಲಗೆ ಕಾಣೆಯಾದರೆ ಶತ್ರು ಬಾಯಿ ಮುಚ್ಚುವುದು ಹೇಗೆ?

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಹಿಂದಿನ ಸಂಜೆ ಮಂಜಿ ಬಂದು ತಾಗಿದಾಗ ಅದರ ಮೂತಿ ಹೊಳೆಯ ಕಡೆಗಿತ್ತು. ಹಲಗೆಗಳನ್ನು ಕಳಚಿ ಅವವುಗಳ ಬಾಯಿಯ ಎದುರಿಗೇ ರಾಶಿ ಹಾಕಿದ್ದರು. ಪಂಜು ಮನೆಗೆ ಹೋದ ಮೇಲೆ, ನಾಳೆ ಹೊರಡುವುದು ಸಲೀಸಾಗಲೆಂದು ತಾಂಡೇಲರು ಮಂಜಿಯನ್ನು ತಿರುಗಿಸಿ ಮೂತಿಯನ್ನು ಕಡಲ ಕಡೆಗೆ ಮಾಡಿ ಕಟ್ಟಿಸಿದರು. ಮಂಜಿ ತಿರುಗಿತು, ರಾಶಿಗಳು ಇದ್ದಲ್ಲೇ ಉಳಿದವು. ಈಗ ಹಿಂದಣ ಬಾಯಿಯ ಎದುರಿಗಿದ್ದದ್ದು ಮುಂದಣ ಬಾಯಿಯ ರಾಶಿ. ನಮ್ಮ ತೀಕ್ಷ್ಣಮತಿಯು ಬೆರಳಿನಿಂದ ಕಚ್ಚುಗಳನ್ನು ತಡವಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ತನ್ನದೇ ಕೋಟೆಯ ಕಲ್ಲನ್ನು ಕಿತ್ತುಕೊಂಡು, ಗೆದ್ದೆನೆಂಬ ಹಿಗ್ಗಿನಲ್ಲಿ ಹೊರಟನು.

ಹಲಗೆಯನ್ನು ಕಲ್ಲುಕಟ್ಟೆಯ ಹಿಂದಿನ ಮುಂಡಕದ ಪೊದೆಯಲ್ಲಿ ಅಡಗಿಸುವುದು ಅವನ ಯೋಜನೆಯಾಗಿತ್ತು. ದಾರಿಯಲ್ಲಿ ಪುತ್ತು ಕಾಮತರ ಚಾದಂಗಡಿ. ಕಾಮತರು ಆಗತಾನೆ ಬಾಗಿಲು ತೆರೆದು ಒಲೆ ಊದುತ್ತಿದ್ದವರು ಹೊಗೆಯ ನಡುವಿನಿಂದ ಮುಖ ಎತ್ತಿದರು.

"ಹ್ವಾಯ್ ಪಂಜಣ್ಣ, ಹಲ್ಗಿ ಹೊತ್ಕಂಡ್ ಎಲ್ಲಿಗೆ ಸವಾರಿ?"

ಚಕ್ರವ್ಯೂಹದ ನಡುವೆ ಸಿಕ್ಕಿಬಿದ್ದವನಿಗೂ ಇಂಥ ಸಂಕಟ ಬಂದಿರಲಾರದು. ಪಂಜು ನಿಂತನು, ಬೆವತನು, ಹಿಂದೆ ನೋಡಿದನು, ಮುಂದೆ ನೋಡಿದನು. ಕಾಮತರ ಅಂಗಡಿಯ ಮುಂದೆ ಕಾಲು ಮುರಿದು ಬಿದ್ದಿದ್ದ ಬೆಂಚು ಕಣ್ಣಿಗೆ ಬಿತ್ತು.

"ನಿಮ್ಗೇ ತಂದದ್ದ್ ಕಾಮ್ತ್ರೇ. ನಿಮ್ ಬೆಂಚ್ ಮುರ್ದಿತ್ತಲ್ದೆ, ಗಿರಾಕಿಗಳ್ ನಿಂತ್ಕಂಡೇ ಚಾ ಕುಡೀತ್ರ್."

ಕಾಮತರ ಕಣ್ಣು ತುಂಬಿ ಬಂತು. ಹೊಗೆಯಿಂದಲೂ ಇರಬಹುದು. ಅಂಗಡಿ ಇಟ್ಟಲ್ಲಿಂದ ಈತನಕ ಚಾ ಕುಡಿದು ಹೋದವರೇ ಎಲ್ಲ, ಬೆಂಚಿನ ಬಗ್ಗೆ ಯೋಚಿಸಿದವ ನೀನೊಬ್ಬನೇ ಎಂದು ಬಾಯ್ತುಂಬ ಹೊಗಳಿ, ಮೊದಲ ಬಾಣಲೆಯ ಬನ್ಸ್ ಎರಡನ್ನು ಎಲೆಯಲ್ಲಿಟ್ಟು ಕೊಟ್ಟರು. ಪಂಜು ತಿಂದನು. ಒಳ್ಳೆಯವನೆನಿಸಿಕೊಳ್ಳುವುದು ಇಷ್ಟು ಸುಲಭವೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ದಿನವಿಡೀ ಹಂಚು ತುಂಬುವ ಕೆಲಸ ನಡೆಯಿತು. ಧಕ್ಕೆಯಿಂದ ಮಂಜಿಯ ಹೊಟ್ಟೆಯವರೆಗೆ ಸಾಲಾಗಿ ನಿಂತವರ ಕೈಯಿಂದ ಕೈಗೆ ಹಂಚುಗಳು ಹಾರಿದವು, ನಡುನಡುವೆ ಬೈಹುಲ್ಲು ತುರುಕಲಾಯಿತು. ಹುಲ್ಲಿನ ಹೊರೆಗಳು ಹಲಗೆಯ ರಾಶಿಗಳ ಮೇಲೆಯೇ ಬಿದ್ದಿದ್ದರಿಂದ ಒಂದು ಹಲಗೆ ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸೂರ್ಯನು ಪಡುವಣಕ್ಕೆ ವಾಲಿದಾಗ ಕಡೆಯ ಹಂಚು ಒಳಗೆ ಹೋಯಿತು. ತಾಂಡೇಲ ನಾಗಯ್ಯನವರು ಹೊಳೆಯ ನೀರನ್ನು ನೋಡಿದರು. ಇಳಿತ ತೊಡಗಿತ್ತು. ಇಳಿಯುವ ನೀರಿನ ಜೊತೆಗೇ ಅಳಿವೆ ದಾಟಬೇಕು, ತಡವಾದರೆ ಮರಳದಿಬ್ಬಕ್ಕೆ ಮಂಜಿಯ ತಳ ತಾಗುತ್ತದೆ.

"ಬಾಯಿ ಮುಚ್ಚಿ," ಎಂದರು ತಾಂಡೇಲರು.

ರಣಕಹಳೆಯಂತೆ ಆ ಎರಡು ಶಬ್ದಗಳು ಮೊಳಗಲು, ಉಭಯ ಸೈನ್ಯಗಳೂ ಎದ್ದು ನಿಂತವು. ಆಗ ಮಹೋದರನಾದ ಮುತ್ತನು ತೊಡೆ ತಟ್ಟಿ ಮುಂದೆ ಬಂದು, "ಎಲವೋ ಜಲಸಿಕ್ತನೇ, ಮೂರು ಯಾನಗಳ ಕಾಲ ನಿನ್ನ ಚಾಪೆಯಿಂದ ಇಳಿದ ನೀರಿನಲ್ಲಿ ಮೀನುಗಳು ಈಸಿದವು. ನಾಲ್ಕನೆಯದಕ್ಕೂ ಸಿದ್ಧನಾಗು. ನಾನು ಒಲೆಯ ಬಳಿ ಒರಗಿ, ನಿನ್ನ ಸೀನುಗಳನ್ನು ಎಣಿಸುತ್ತ ನಿದ್ರಿಸುವೆನು" ಎಂಬ ಅರ್ಥ ಬರುವಂತೆ, "ಎಂತ ಪಂಜು, ಚಾಪಿ ಒಣಗಿತಾ?" ಎಂದು ಕೇಳಿದನು.

ಅದಕ್ಕೆ ಪಂಜುವು ಮೀಸೆಯನ್ನು ತಿರುವಿ, "ಎಲೈ ಉದರಂಭರಿಯೇ, ಅಹಂಕಾರವೆಂಬ ಮಂಜಿಗೆ ವಿಧಿಯೆಂಬ ಬಂಡೆ ಹತ್ತಿರದಲ್ಲೇ ಇದೆ. ಕಡೆಯ ಹಲಗೆಯ ಹೊತ್ತಿಗೆ ನಿನ್ನ ಮುಖವನ್ನು ನೋಡುವ ಭಾಗ್ಯ ನನ್ನದಾಗಲಿ" ಎಂಬುದನ್ನು ಒಂದೇ ಮುಗುಳ್ನಗೆಯಲ್ಲಿ ಅಡಗಿಸಿ, "ಕಡಿಗೆ ಕಾಂಬ ಮರಾಯಾ" ಎಂದನು.

ಅನಂತರ ನಡೆದ ಕಾಳಗವನ್ನು ಏನೆಂದು ವರ್ಣಿಸಲಿ. ಹಲಗೆಗಳು ಹೆಗಲಿಂದ ಹೆಗಲಿಗೆ ಹಾರಿದವು. ದಢ್ ಎಂದು ಒಂದು ಕೂತರೆ ಧಡ್ ಎಂದು ಇನ್ನೊಂದು. ಕಾಲ್ಬೆರಳುಗಳು ಸಿಕ್ಕಿಕೊಂಡವು, ಬೈಗುಳಗಳು ಚಿಮ್ಮಿದವು, ಧಕ್ಕೆಯ ನಾಯಿಗಳು ಕಾರಣ ತಿಳಿಯದೆ ಬೊಗಳಿದವು. ಪಂಜುವಿನ ಸೊಂಟ ಒಂದೊಂದು ಹಲಗೆಗೂ ಒಂದೊಂದು ಚೀತ್ಕಾರ ಮಾಡಿತು, ಅವನು ಅದನ್ನು ಲೆಕ್ಕಿಸಲಿಲ್ಲ. ಎಂದೂ ಇಲ್ಲದಂತೆ ಅವನ ತಂಡ ಮುಂದಿತ್ತು. ಮುತ್ತನ ಬಾಯಿಗೆ ಇನ್ನೂ ಎರಡು ಹಲಗೆ ಬೇಕಾಗಿದ್ದಾಗ ಪಂಜುವಿನ ಬಾಯಿಗೆ ಬೇಕಾಗಿದ್ದದ್ದು ಒಂದೇ. ಗೆಲುವು ಅವನಿಗೆ ಎಷ್ಟು ಹತ್ತಿರವಿತ್ತೆಂದರೆ, ಒಲೆಯ ಕಾವು ಆಗಲೇ ಸೊಂಟಕ್ಕೆ ತಾಗಿದಂತೆ ಅವನಿಗೆ ಅನಿಸಿತು.

"ಕಡೀ ಹಲ್ಗಿ ತನ್ನಿ," ಎಂದು ಅವನು ಕೈ ಚಾಚಿದನು.

"ಇಲ್ಲೆ," ಎಂದರು ಧಕ್ಕೆಯ ಮೇಲಿದ್ದವರು.

"ಹುಲ್ಲಿನ್ ಅಡಿಗೆ ಕಾಣಿ."

"ಕಂಡಾಯ್ತ್. ಇಲ್ಲೆ."

ಅದೇ ಹೊತ್ತಿಗೆ ಮುತ್ತನ ತಂಡದವರು ತಮ್ಮ ಕಡೆಯ ಹಲಗೆಯನ್ನು ಹೊತ್ತುಕೊಂಡು ಪಂಜುವಿನ ಎದುರಿನಿಂದಲೇ ಹಾದುಹೋದರು. ಅದರ ಅಂಚಿನಲ್ಲಿ ಎರಡು ಕಚ್ಚುಗಳಿದ್ದವು. ಪಂಜು ಆ ಕಚ್ಚುಗಳನ್ನು ನೋಡಿದನು, ಕಡಲ ಕಡೆ ಮುಖ ಮಾಡಿದ ಮಂಜಿಯನ್ನು ನೋಡಿದನು, ರಾಶಿಗಳಿದ್ದ ಜಾಗವನ್ನು ನೋಡಿದನು. ಜ್ಞಾನೋದಯವೆಂಬುದು ಎಲ್ಲರಿಗೂ ಆನಂದವನ್ನೇ ತರುತ್ತದೆಂದು ಯಾರು ಹೇಳಿದರೋ. ಹಿಂದಣ ಬಾಯಿಯ ಮೇಲೆ ತಾಡಪಾಲು ಹರಡಿತು, ಬೆಣೆಗಳು ಬಿಗಿದವು, ಮುತ್ತನ ಸೈನ್ಯದ ಜಯಘೋಷ ಹೊಳೆಯ ಆಚೆ ದಡಕ್ಕೆ ತಾಗಿ ಮರಳಿತು.

ತಾಂಡೇಲರು ಮಾತ್ರ ನಗಲಿಲ್ಲ. ಒಂದು ಹಲಗೆಯ ಅಗಲದಷ್ಟು ತೆರೆದ ಬಾಯಿಯೊಂದಿಗೆ ಅಳಿವೆಗೆ ಹೋದರೆ, ನುಗ್ಗಿದ ನೀರು ಹಂಚಿನ ಭಾರಕ್ಕೆ ಸೇರಿ ಸಮುದ್ರಲಕ್ಷ್ಮಿ ಸಮುದ್ರದ ಪಾಲಾಗುತ್ತಾಳೆ.

"ಹಲ್ಗಿ ಎಲ್ಲಿತ್ತ್ ಪಂಜು? ನೀರ್ ಕಾಯುದಿಲ್ಲೆ."

"ಈಗ ತತ್ತೆ," ಎಂದು ಪಂಜು ಧಕ್ಕೆಗೆ ಹಾರಿದನು.

ಓಡಿದನು ನೋಡಿ, ಆ ಕಟಿಶೂಲಪೀಡಿತನು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. ಸಂಜೀವಿನಿಗಾಗಿ ಬೆಟ್ಟಕ್ಕೆ ಹಾರಿದವನಿಗೆ ಬಾಲದ ಬಲವಿತ್ತು, ಇವನಿಗೆ ಅದೂ ಇರಲಿಲ್ಲ. ಚಾದಂಗಡಿ ತಲಪಿ ನೋಡುತ್ತಾನೆ, ಕಾಮತರು ಹಲಗೆಯನ್ನು ಎರಡು ಗೂಟಗಳ ಮೇಲಿಟ್ಟು ನಾಲ್ಕು ಮೂಲೆಗೂ ಮೊಳೆ ಹೊಡೆದು ಭದ್ರಮಾಡಿದ್ದಾರೆ. ಅದರ ಮೇಲೆ, ಕಾಲು ಮೇಲೆ ಕಾಲು ಹಾಕಿ, ಬನ್ಸನ್ನು ಚಾದಲ್ಲಿ ಅದ್ದುತ್ತ ಕುಳಿತಿದ್ದಾರೆ ಮಾವ ಅಂತಯ್ಯ ಮರಕಾಲರು.

ಸಿಂಹವಿದ್ದಿದ್ದರೆ ಬಡಿದು ಎಬ್ಬಿಸಬಹುದಿತ್ತು. ಮಾವನನ್ನು ಎಬ್ಬಿಸುವುದು ಹೇಗೆ?

"ಮಾವ, ಒಂಚೂರ್ ಏಳ್ತ್ರ್ಯಾ?"

"ಎಂತಕೆ?"

"ಹಲ್ಗಿ ಬೇಕಿತ್ತ್."

"ಬನ್ಸ್ ಮುಗೀಲಿ," ಎಂದರು ಅಂತಯ್ಯ ಮರಕಾಲರು.

ಅವರಿಗೆ ಹಲ್ಲು ಕಡಿಮೆ. ಒಂದೊಂದು ತುಂಡನ್ನೂ ಚಾದಲ್ಲಿ ನೆನೆಸಿ, ಅದು ಮೆತ್ತಗಾಯಿತೋ ಎಂದು ಒತ್ತಿ ನೋಡಿ, ಬಾಯಿಗಿಟ್ಟು, ಅದನ್ನು ನುಂಗುವ ಮೊದಲು ತಮ್ಮ ಕಾಲದ ಬನ್ಸಿನ ಗಾತ್ರವನ್ನು ಕೈಯಲ್ಲಿ ತೋರಿಸಿದರು. ಪಂಜು ಎದುರಿಗೆ ಕೈಕಟ್ಟಿ ನಿಂತಿದ್ದನು. ಹೊಳೆಯಲ್ಲಿ ನೀರು ಇಳಿಯುತ್ತಿತ್ತು. ಕಾಮತರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಕೊಟ್ಟದ್ದ್ ವಾಪಾಸ್ ಕೇಂತ್ರ್ಯಾ ಪಂಜಣ್ಣ? ಬೆಳಿಗ್ಗೆ ಬನ್ಸ್ ತಿಂದದ್ದ್ ಮರ್ತ್ ಹೋಯ್ತಾ?"

"ಅದ್ ಮಂಜಿ ಹಲ್ಗಿ ಕಾಮ್ತ್ರೇ."

"ಮಂಜಿ ಹಲ್ಗಿ ಇಲ್ಲಿಗೆ ಹ್ಯಾಂಗ್ ಬಂತ್?" ಎಂದು ಕೇಳಿದವರು ಮಾವ.

ಸುಳ್ಳು ಹೇಳಲು ಬೇಕಾದ ಸಮಯವೂ ಪಂಜುವಿನ ಬಳಿ ಇರಲಿಲ್ಲ. "ನಾನೇ ತಂದದ್ದ್ ಮಾವ. ಮುತ್ತನ್ ಹಲ್ಗಿ ಅಂದ್ಕಂಡ್ ತಂದೆ. ನಮ್ದೇ ಆಯ್ತ್."

ಅಂತಯ್ಯ ಮರಕಾಲರು ಚಾದ ಲೋಟವನ್ನು ಕೆಳಗಿಟ್ಟರು. ಅವರ ಹೆಗಲು ಕುಣಿಯತೊಡಗಿತು. ಅನಂತರ ಹೊಟ್ಟೆ. ಅನಂತರ ಅವರು ನಗುತ್ತ ನಗುತ್ತ ತಾವಾಗಿಯೇ ಬೆಂಚಿನಿಂದ ಎದ್ದು ಕಂಬ ಹಿಡಿದುಕೊಂಡರು. "ಶೇಷಿ ಹೇಳುದ್ ಸಮ. ನಿಂಗೆ ಬಲಿ ಕಟ್ಟುದೇ ಸಮ ಮರಾಯಾ," ಎಂದರು. ಆ ನಗು ಪಂಜುವಿಗೆ ಅಲೆಗಿಂತ ತಣ್ಣಗೆ ತಾಗಿತು. ಆದರೂ ಹಲಗೆಯಿಂದ ಮಾವ ಎದ್ದರಲ್ಲ ಎಂದುಕೊಂಡು, ಕಾಮತರ ಕೊಡತಿ ಕಸಿದು, ಮೊಳೆಗಳ ಸಮೇತ ಹಲಗೆಯನ್ನು ಕಿತ್ತು ಹೊತ್ತು ಓಡಿದನು. ಹಿಂದಿನಿಂದ ಕಾಮತರು ಬೆಂಚು ಕೇಳುತ್ತ ಓಡಿಬಂದರು. ಅವರ ಹಿಂದೆ, ಉಳಿದ ನಗುವನ್ನು ನಗಲು, ಮಾವನೂ ಬಂದರು.

ಧಕ್ಕೆಯ ಮೇಲೆ ಗುಟ್ಟು ಬಯಲಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾಮತರು ಬೆಳಗ್ಗಿನ ಕಥೆಯನ್ನೂ ಮಾವ ಸಂಜೆಯ ಕಥೆಯನ್ನೂ ಹೇಳಿದರು. ಗೆದ್ದ ಹಿಗ್ಗಿನಲ್ಲಿ ಚಾಪೆ ತರಲೆಂದು ಮನೆಗೆ ಹೋಗಿದ್ದ ಮುತ್ತನೂ ಅವನ ತಂಡದವರೂ ಅಷ್ಟರಲ್ಲಿ ಮರಳಿ ಬಂದು, ಹುಲ್ಲಿನ ಹೊರೆಯ ಮೇಲೆ ಬಿದ್ದು ಬಿದ್ದು ನಕ್ಕರು. ಪಂಜು ತಲೆ ಎತ್ತದೆ ಮುಂದಣ ಬಾಯಿಗೆ ಕಡೆಯ ಹಲಗೆ ಕೂರಿಸಿದನು, ತಾಡಪಾಲು ಎಳೆದನು, ಬೆಣೆ ಬಡಿದನು. ಬಡಿಯುವಾಗ ಕಣ್ಣಲ್ಲಿ ನೀರು ಬಂತು. ಅದು ಸೊಂಟದ ನೋವಿನದೆಂದು ಹೇಳಿ ಅವನ ಮಾನ ಉಳಿಸಬಹುದು, ಆದರೆ ನಿಜ ಹಾಗಲ್ಲ. ಅವನಿಗೆ ನಾಚಿಕೆಯಾಗಿತ್ತು.

ಮುತ್ತ ನಗುತ್ತ ಕಣ್ಣೊರೆಸಿಕೊಂಡು ಮಂಜಿ ಹತ್ತಿದನು. ಚಾಪೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ವಿಜಯಯಾತ್ರೆಯ ಗತ್ತಿನಲ್ಲಿ, ನಾಲ್ಕನೆಯ ಬಾರಿಗೆ ತನ್ನ ಸಿಂಹಾಸನದ ಕಡೆಗೆ ನಡೆದನು. ನಡೆದವನು ನಿಂತನು.

ಹಿಂದಣ ಬಾಯಿಯ ಮೇಲೆ ಒಣಮೀನಿನ ಬುಟ್ಟಿಗಳು. ಒಂದರ ಮೇಲೊಂದು, ಆಳೆತ್ತರಕ್ಕೆ, ಕತ್ತದ ಹಗ್ಗದಿಂದ ಬಿಗಿದು ಕಟ್ಟಿದ್ದವು. ಪಂಜು ಹಲಗೆಗೆ ಹೋಗಿದ್ದ ಹೊತ್ತಿನಲ್ಲಿ, ಮಂಜಿ ಇನ್ನೂ ಹೊರಟಿಲ್ಲವೆಂದು ತಿಳಿದ ಮೀನಿನ ಸಾಹುಕಾರರ ಆಳುಗಳು ಗಾಡಿ ಹೊಡೆದುಕೊಂಡು ಬಂದು, ಹೇಗೂ ತಡವಾಯಿತಲ್ಲ, ಇದನ್ನೂ ಒಯ್ಯಿರಿ ಎಂದಿದ್ದರು. ತಾಂಡೇಲರು ಒಪ್ಪಿದ್ದರು. ಹೊಟ್ಟೆ ತುಂಬಿತ್ತು, ಅಟ್ಟದ ಮೇಲೆಯೇ ಇಡಬೇಕಿತ್ತು.

"ಇದೆಂತ ತಾಂಡೇಲ್ರೇ? ನಾವ್ ಮನಿಕಂಬುದ್ ಎಲ್ಲಿ?"

"ಮುಚ್ಚಿದ ಬಾಯಿ ಅದೊಂದೇ ಇತ್ತಲ್ದಾ ಆಗ. ಮತ್ತೆಲ್ಲಿ ಇಡುದ್?" ಎಂದು ತಾಂಡೇಲರು ಚುಕ್ಕಾಣಿ ಹಿಡಿದರು. "ಹಗ್ಗ ಬಿಚ್ಚಿ."

ಸಮುದ್ರಲಕ್ಷ್ಮಿ ಧಕ್ಕೆ ಬಿಟ್ಟಳು. ಇಳಿತದ ಕಡೆಯ ನೀರಿನಲ್ಲಿ ಅಳಿವೆ ದಾಟುವಾಗ ತಳ ಒಮ್ಮೆ ಮರಳನ್ನು ಸವರಿತು, ಅಷ್ಟೇ. ಬಾನಿನ ಕೆಂಪು ಮಾಸುವ ಹೊತ್ತಿಗೆ ಹಾಯಿ ತುಂಬಿತು. ಉಭಯ ಸೈನ್ಯಗಳೂ, ಜಯಶಾಲಿಗಳೂ ಪರಾಜಿತರೂ, ಮುಂದಣ ಬಾಯಿಯ ಮೇಲೆ ಮಗ್ಗುಲಿಗೆ ಮಗ್ಗುಲು ತಾಗಿಸಿ ಚಾಪೆ ಹಾಸಿದರು. ಮುತ್ತ ಬರುವಷ್ಟರಲ್ಲಿ ಉಳಿದಿದ್ದದ್ದು ಮೂತಿಯ ಕಡೆಯ ಅಂಚು ಮಾತ್ರ. ಅವನ ಪಕ್ಕಕ್ಕೆ ಪಂಜು. ಮೊದಲ ಅಲೆ ಹಾರಿ ಬಂದಾಗ ಮುತ್ತನ ಮಹಾಕಾಯವೇ ಅದನ್ನು ಪೂರ್ತಿಯಾಗಿ ಬರಮಾಡಿಕೊಂಡಿತು. ಪಂಜುವಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ನಾಲ್ಕು ಯಾನಗಳಲ್ಲಿ ಮೊದಲ ಬಾರಿಗೆ ಅವನ ಸೊಂಟ ಒಣಗಿತ್ತು. ಎರಡನೆಯ ಅಲೆಯೂ ಹಾಗೆಯೇ.

ಪಂಜು ಸುಮ್ಮನೆ ಮಲಗಬಹುದಿತ್ತು. ಮೂರನೆಯ ಅಲೆಗೆ ಮುತ್ತ ಸೀನಿದನು.

"ಮುತ್ತ."

"ಎಂತ?"

"ನೀರಿಗೆ ಮೈ ಚಂಡಿ ಆಯ್ತಾ?"

"ಪೂರಾ." ಮುತ್ತ ಮೂಗೊರೆಸಿಕೊಂಡು ಕೇಳಿದನು, "ನೀ ಮೂರ್ ಸರ್ತಿ ಇದ್ರಗೇ ಮನಿಕಂಡದ್ದಾ?"

"ಹ್ಞೂಂ."

ಮುತ್ತ ಒದ್ದೆ ಚಾಪೆಯ ಅಂಚನ್ನು ಹಿಂಡಿದನು.

"ಇತ್ಲಾಯಿ ಸರ್ಕ," ಎಂದನು ಪಂಜು. "ಬೆನ್ ತಾಗ್ಸ್ಕಂಡ್ ಮನಿಕೊ. ಬೆಚ್ಚಗಾತ್ತ್."

ಮುತ್ತ ಸರಿದನು. ಅವನ ಬೆನ್ನು ದೊಡ್ಡದು, ಪಂಜುವಿನ ಬೆನ್ನಿಗೆ ಒಲೆಯಂತೆ ಬಿಸಿಯಾಗಿ ತಾಗಿತು. ಆದರೆ ಅವನು ಅಂಚು ಬಿಟ್ಟು ಸರಿದದ್ದರಿಂದ, ಮುಂದಿನ ಅಲೆ ಅವನನ್ನು ಬಳಸಿ ಬಂದು ಇಬ್ಬರಿಗೂ ಪಾಲಾಯಿತು. ಪಂಜುವಿನ ಅರ್ಧ ಸೊಂಟ ಒದ್ದೆಯಾಯಿತು, ಅರ್ಧ ಒಣಗಿಯೇ ಉಳಿಯಿತು. ಅರ್ಧ ಸೊಂಟಕ್ಕೆ ಶೇಷಿ ಏನು ಹೇಳುವಳೋ ಎಂದು ಅವನು ಯೋಚಿಸತೊಡಗಿದನು. ಯೋಚನೆ ಮುಗಿಯುವ ಮೊದಲೇ ನಿದ್ದೆ ಬಂತು.